28 ವರ್ಷ ಸರ್ವೆ ಮಾಡಿದ ಮೇಲೆ ಹೊಸಬರನ್ನು ಕೇಳೋಕೆ ಯಾಕಿಷ್ಟು ಸಂಕೋಚ?

ಹಳೇ ಸರಪಳಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸರ್ವೆಯವರು ಕೆಲವರಿದ್ದೀರಿ, ರೈತರು ಜಾಸ್ತಿ ಇದ್ದೀರಿ. ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಂಡು, ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ.

ನಾನು ಭೂಮಾಪಕ. 28 ವರ್ಷ ಆಯಿತು. ಕೆಲಸ ಕಲಿಯುವಾಗ ಕೈಯಲ್ಲಿ ಇದ್ದದ್ದು 33 ಅಡಿ ಸರಪಳಿ, ಲಂಬ ಹಿಡಿಯುವ ಕ್ರಾಸ್ ಸ್ಟಾಫ್, ಟಿಪ್ಪಣಿ (ಹಳೇ ಅಳತೆ ಬರೆದಿರುವ ನಕ್ಷೆ) ನಕಲು, ಅಷ್ಟೇ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ಒಂದು ಸರಪಳಿಯನ್ನು 16 ಭಾಗ ಮಾಡಿದರೆ ಒಂದೊಂದು ಭಾಗ ಒಂದು ಆಣೆ. ಈ ಲೆಕ್ಕ ನನಗೆ ನಿದ್ದೆಯಲ್ಲೂ ಬರುತ್ತದೆ. ಆಮೇಲೆ ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಬಂತು. ಅದನ್ನು ಕಲಿಯೋಕೆ ಕಷ್ಟ ಆಗಲಿಲ್ಲ. ಯಾಕೆಂದರೆ ಕಲಿಯುವ ಬೆಂಚಿನಲ್ಲಿ ನನ್ನ ವಯಸ್ಸಿನವರೇ ಕೂತಿದ್ದರು. ಎಲ್ಲರೂ ಒಟ್ಟಿಗೆ ದಡ್ಡರಾದರೆ ನಾಚಿಕೆ ಇರುವುದಿಲ್ಲ.

ಈಗ ರೋವರ್, ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಹೇಳುವ ಯಂತ್ರ. ಕೋಲಿನ ತುದಿಗೆ ಒಂದು ಬಿಳಿ ಡಬ್ಬ, ಕೈಯಲ್ಲಿ ಮೊಬೈಲಿನಂಥ ಕಂಟ್ರೋಲರ್. ಅದು ಬಂದಾಗ ಜೊತೆಗೆ ಬಂದವಳು ಒಬ್ಬ ಪರವಾನಗಿ ಭೂಮಾಪಕಿ. 24 ವರ್ಷ. ನನ್ನ ದೊಡ್ಡ ಮಗಳಿಗಿಂತ ಚಿಕ್ಕವಳು. ಎರಡು ದಿನ ತೋರಿಸಿಕೊಟ್ಟಳು. ನಾನು "ಹೂಂ, ಹೂಂ" ಎಂದೆ. ಅರ್ಧ ಅರ್ಥವಾಯಿತು. ಉಳಿದರ್ಧ ಕೇಳಲಿಲ್ಲ.

ಮೂರನೇ ವಾರ ಒಂದು ಹದ್ದುಬಸ್ತು ಬಂತು, ಅಂದರೆ ಜಮೀನಿನ ಗಡಿ ಗುರುತಿಸಿ ಕಲ್ಲು ನೆಡುವ ಕೆಲಸ. ನಾಲೆ ಬಯಲು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಭತ್ತ, ನಡುವಿನ ಬದುವಿನ ಮೇಲೆ ಸಾಲಾಗಿ ತೆಂಗು. ಅಕ್ಕಪಕ್ಕದ ಹಿಡುವಳಿದಾರರು ಇಬ್ಬರೂ ನಿಂತಿದ್ದರು. ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತಂತೆ. ನಾನು ತೆಂಗಿನ ಬುಡದಲ್ಲಿ ರೋವರ್ ನಿಲ್ಲಿಸಿದೆ. ತೆರೆಯ ಮೇಲೆ ಅಂಕಿ ಬಂತು. ಅಂಕಿಯ ಪಕ್ಕ "ಫ್ಲೋಟ್" ಅಂತಲೂ ಇತ್ತು. ಬೆಳಗ್ಗೆ ಬಯಲಲ್ಲಿ ಅಳೆದಾಗ ತೆರೆಯ ಅದೇ ಮೂಲೆಯಲ್ಲಿ "ಫಿಕ್ಸ್" ಅಂತ ಇದ್ದದ್ದು ನೆನಪಿತ್ತು. ಏನು ವ್ಯತ್ಯಾಸ ಅಂತ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಇಬ್ಬರು ರೈತರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಮುಂದೆ ಆ ಹುಡುಗಿಗೆ ಫೋನ್ ಮಾಡಿ "ಇದೇನಮ್ಮಾ" ಅಂತ ಕೇಳೋದಾ? ಕಲ್ಲು ನೆಡಿಸಿಬಿಟ್ಟೆ.

ಮುಂದಿನ ವಾರ ಪಕ್ಕದ ಸರ್ವೆ ನಂಬರಿನ ಜಮೀನಿಗೆ ಆ ಹುಡುಗಿ ಹೋದಳು. ನನ್ನ ಕಲ್ಲು ಒಂದೂವರೆ ಅಡಿ ಆಚೆ ಇತ್ತು. ಅವಳು ಯಾರಿಗೂ ಹೇಳಲಿಲ್ಲ. ಸಂಜೆ ನನ್ನೊಬ್ಬನನ್ನೇ ಕರೆದು, "ಸರ್, ತೆಂಗಿನ ಕೆಳಗೆ ತಗೊಂಡ್ರಾ?" ಅಂತ ಕೇಳಿದಳು. ಅಷ್ಟೇ ಕೇಳಿದ್ದು.

ಮತ್ತೆ ಹೋಗಿ, ಇಬ್ಬರಿಗೂ ತಪ್ಪಾಯಿತು ಅಂತ ಹೇಳಿ, ಹೊಸದಾಗಿ ಅಳೆದು ಕಲ್ಲು ಸರಿಸಿ ಪಂಚನಾಮೆ ಬರೆದೆ. ಅದರ ಕಥೆ ಬಿಡಿ. ನನ್ನ ಪ್ರಶ್ನೆ ಇದು. ಗೊತ್ತಿಲ್ಲ ಅನ್ನುವುದು ನನಗೇ ಗೊತ್ತಿತ್ತು. ಕೇಳುವವರೂ ಇದ್ದರು. ಆದರೂ ಬಾಯಿ ಬರಲಿಲ್ಲ. ನಿಮ್ಮ ಕಸುಬಿನಲ್ಲೂ ಹೀಗೆ ಆಗಿದೆಯಾ? ಏನು ಮಾಡಿದಿರಿ?

ವಿಸಿ ನಾಲೆ ರೈತ

ಸಾರ್, ಮೊದಲು ಒಂದು ಮಾತು. ತಿರುಗಿ ಬಂದು ಕಲ್ಲು ಸರಿಸಿದಿರಲ್ಲ, ಅದಕ್ಕೇ ಒಂದು ನಮಸ್ಕಾರ. ನಮ್ಮೂರಲ್ಲಿ ಕಲ್ಲು ತಪ್ಪಿದರೆ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ ಇರುತ್ತದೆ, ಕೇಸೂ ಇರುತ್ತದೆ.

ಆದರೆ ನಿಮ್ಮ ಲೆಕ್ಕ ಒಂದು ಕಡೆ ತಪ್ಪು. ರೈತ ಮುಖ ನೋಡುತ್ತಾನೆ ಅಂದಿರಿ. ನೋಡುತ್ತೇವೆ, ನಿಜ. ನೀವು ತಡಕಾಡುವುದೂ ಆಗ ನಮಗೆ ಕಾಣುತ್ತದೆ. ಕಬ್ಬು ತೂಗುವ ಜಾಗದಲ್ಲಿ ಆಪರೇಟರ್ ಗುಂಡಿ ಎರಡು ಸಲ ಒತ್ತಿದರೆ ಸಾಕು, ಇವನು ಹೊಸಬ ಅಂತ ಗೊತ್ತಾಗಿಬಿಡುತ್ತದೆ. ನೀವು ಅಲ್ಲೇ ಫೋನ್ ಮಾಡಿ ಕೇಳಿದ್ದರೆ, "ಪರವಾಗಿಲ್ಲ, ವಿಚಾರಿಸಿಕೊಂಡು ಮಾಡ್ತಾರೆ" ಅಂದುಕೊಳ್ಳುತ್ತಿದ್ದೆವು.

ಸುಮ್ನೆ ಓದೋನು

ಅಣ್ಣ, ನೀವು ಒಳ್ಳೆ ರೈತರು. ಎಲ್ಲರೂ ಹಾಗಿಲ್ಲ. ನಮ್ಮ ಚಿಕ್ಕಪ್ಪನ ಜಮೀನಿನ ಅಳತೆಯಲ್ಲಿ ಸರ್ವೆಯವರು "ಇರಿ, ಇನ್ನೊಂದು ಸಲ ನೋಡ್ತೀನಿ" ಅಂದದ್ದನ್ನೇ ಎದುರು ಪಾರ್ಟಿ ಹಿಡಿದುಕೊಂಡರು. "ಅವರಿಗೇ ಗ್ಯಾರಂಟಿ ಇಲ್ಲ" ಅಂತ ಊರೆಲ್ಲ ಹೇಳಿಕೊಂಡು ಬಂದರು. ತಗಾದೆ ಇರುವ ಜಾಗದಲ್ಲಿ ನಿಂತು "ನನಗೆ ಗೊತ್ತಿಲ್ಲ" ಅನ್ನೋದಕ್ಕೆ ಬೆಲೆ ತೆರಬೇಕಾಗುತ್ತದೆ. ಹಳೇ ಸರಪಳಿ ಸರ್ ಸಂಕೋಚವನ್ನು ಬರೀ ಅಹಂಕಾರ ಅಂತ ನಾನು ಹೇಳಲ್ಲ.

ರೋವರ್ ಹುಡುಗಿ, ಮೈಸೂರು

ನಾನು ಆ ಭೂಮಾಪಕಿ ಅಲ್ಲ! ಓದುತ್ತಾ ಓದುತ್ತಾ ಅವಳು ನಾನೇ ಏನೋ ಅನ್ನಿಸಿತು. ನಾನೂ ಪರವಾನಗಿಯವಳೇ, ಮೈಸೂರು ಕಡೆ ಕೆಲಸ.

ಓದುವವರಿಗೆ ಫಿಕ್ಸ್, ಫ್ಲೋಟ್ ಏನು ಅಂತ ಹೇಳಿಬಿಡುತ್ತೇನೆ. ಉಪಗ್ರಹದಿಂದ ಬರುವ ರೇಡಿಯೊ ಅಲೆಯನ್ನು ರೋವರ್ ಹಿಡಿಯುತ್ತದೆ. ಒಂದು ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಉಪಗ್ರಹಕ್ಕೂ ನಮಗೂ ನಡುವೆ ಇಂಥ ಪೂರ್ತಿ ಅಲೆಗಳು ಎಷ್ಟಿವೆ ಅನ್ನುವುದನ್ನು ಅದು ಲೆಕ್ಕ ಹಾಕಬೇಕು. ಖಾಯಂ ಜಾಗದಲ್ಲಿ ನಿಂತು ಅದೇ ಉಪಗ್ರಹಗಳನ್ನು ಗಮನಿಸುವ ಕೋರ್ಸ್ (CORS) ಸ್ಟೇಷನ್‌ಗಳಿಂದ ಮೊಬೈಲ್ ನೆಟ್ ಮೂಲಕ ತಿದ್ದುಪಡಿ ಬರುತ್ತದೆ. ಅದನ್ನಿಟ್ಟುಕೊಂಡು ಎಣಿಕೆ ಖಚಿತವಾದರೆ ಫಿಕ್ಸ್. ಆಗ ಎರಡು ಮೂರು ಸೆಂಟಿಮೀಟರ್ ಒಳಗೆ ಸಿಗುತ್ತದೆ. ಎಣಿಕೆ ಇನ್ನೂ ಅಲ್ಲಾಡುತ್ತಿದ್ದರೆ ಫ್ಲೋಟ್. ಆಗ ಅರ್ಧ ಅಡಿಯೂ ಇರಬಹುದು, ಎರಡು ಅಡಿಯೂ ಇರಬಹುದು. ತೆಂಗಿನ ಗರಿ, ಗೋಡೆ, ಎತ್ತರದ ಕಬ್ಬು ಆಕಾಶವನ್ನು ಮುಚ್ಚಿದರೆ ಫ್ಲೋಟೇ ಗತಿ. ಕೆಲವು ಸಲ ಸುಳ್ಳು ಫಿಕ್ಸ್ ಕೂಡ ಬರುತ್ತದೆ. ಅದಕ್ಕೇ ಒಂದು ಬಿಂದುವನ್ನು ಎರಡು ಸಲ ತಗೊಳ್ಳಬೇಕು. ಮೊದಲ ಸಲದ ನಂತರ ಆ ಎಣಿಕೆಯನ್ನು ಅಳಿಸಿ, ರೋವರ್ ಹೊಸದಾಗಿ ಎಣಿಸುವ ಹಾಗೆ ಮಾಡಬೇಕು. ಕೆಲಸ ಶುರು ಮಾಡುವ ಮುಂಚೆ ಒಂದು ಗೊತ್ತಿರುವ ಕಲ್ಲಿನ ಮೇಲೆ ನಿಲ್ಲಿಸಿ ನೋಡಬೇಕು, ಮುಗಿದ ಮೇಲೂ ನೋಡಬೇಕು.

ಇದೆಲ್ಲ ನನಗೆ ಟ್ರೇನಿಂಗಿನಲ್ಲಿ ಹೇಳಿದ್ದು. ಆದರೆ ತೋಟದ ಒಳಗೆ ಫಿಕ್ಸೇ ಸಿಗದಿದ್ದರೆ ಏನು ಮಾಡಬೇಕು ಅನ್ನುವುದನ್ನು ಹೇಳಿಕೊಟ್ಟವರು ಒಬ್ಬ ಬಾಂದು ಜವಾನರು, ಅಂದರೆ ಗಡಿಕಲ್ಲಿನ ಕೆಲಸಕ್ಕೆ ಬರುವ ಸರ್ವೆ ಸಹಾಯಕರು. ಅವರಿಗೆ ರೋವರ್ ಮುಟ್ಟಿಯೇ ಗೊತ್ತಿಲ್ಲ. ನಾನು ಅರ್ಧ ಗಂಟೆ ಅಡಕೆ ಮರದ ಕೆಳಗೆ ಕೋಲು ಹಿಡಿದುಕೊಂಡು ನಿಂತಿದ್ದೆ. ಅವರು ಬೀಡಿ ಆರಿಸಿ, "ಮೇಡಂ, ಬಯಲಲ್ಲಿ ಎರಡು ಪಾಯಿಂಟ್ ಸರಿಯಾಗಿ ಸಿಗ್ತದಲ್ವಾ? ಅಲ್ಲಿಂದ ಗೆರೆ ಹಿಡೀರಿ. ಒಳಕ್ಕೆ ಟೇಪ್ ಎಳೆದು ಲಂಬ ಹಾಕಿದ್ರೆ ಆಯ್ತು" ಅಂದರು. ಸರಪಳಿ ಕಾಲದ ಕೆಲಸ ಅದೇ ತಾನೇ! ಗೆರೆ, ಗೆರೆಯಿಂದ ಲಂಬ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅಡಕೆ ತೋಟದಲ್ಲಿ ಮಾತ್ರ ತಲೆಗೆ ಬರಲಿಲ್ಲ.

ಹಳೇ ಸರಪಳಿ, ಮಂಡ್ಯ

ಮೇಡಂ, ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಅಥವಾ ನಾನು ಹೇಳೋಕೆ ಬಿಟ್ಟಿರಲಿಲ್ಲ. 19 ಸೆಂಟಿಮೀಟರ್ ಅಲೆಯ ವಿಷಯ ಈಗಷ್ಟೇ ಗೊತ್ತಾಯಿತು.

ಬಾಂದು ಜವಾನರ ಮಾತು ತೆಗೆದಿರಿ. ನನ್ನ ಮೊದಲ ಗುರುವೂ ಒಬ್ಬ ಬಾಂದು ಜವಾನರೇ. ಟಿಪ್ಪಣಿ ಪ್ರಕಾರ ಕಲ್ಲು ಇರಬೇಕಾದ ಜಾಗ ಅಗೆದು ಸಾಕಾಗಿ ಕೂತಿದ್ದೆ. ಅವರು ಬದು ಎಲ್ಲಿ ಸ್ವಲ್ಪ ಸೊಟ್ಟಗಿದೆ ಅಂತ ನೋಡಿ, ಅಲ್ಲಿ ಹಾರೆ ಹಾಕಿದರು. ಠಣ್ ಅಂತು. ತಲೆಮಾರಿನಿಂದ ಉಳುವವನು ಕಲ್ಲಿಗೆ ನೇಗಿಲು ತಾಗದ ಹಾಗೆ ತಿರುಗಿಸಿರುತ್ತಾನೆ, ಅದಕ್ಕೇ ಬದು ಅಲ್ಲಿ ಸೊಟ್ಟ ಅಂತ ಆಮೇಲೆ ಹೇಳಿದರು. ಯಾವ ಟ್ರೇನಿಂಗಿನಲ್ಲೂ ಇದಿಲ್ಲ. ಅವರು ರಿಟೈರ್ ಆದಾಗ ನಾವು ಒಂದು ಶಾಲು ಹೊದಿಸಿದೆವು. ಅವರಿಗೆ ಗೊತ್ತಿದ್ದದ್ದನ್ನು ಬರೆದಿಡಲಿಲ್ಲ.

ಸರಸ್ವತಿಪುರಂ ಡ್ರಾಫ್ಟ್ಸ್‌ಮನ್

ನನ್ನ ತಪ್ಪೂ ಇರಲಿ. ಮೈಸೂರಲ್ಲಿ ಪ್ಲಾನ್ ಹಾಕುವ ಕೆಲಸ. ಮೊದಲು ಟ್ರೇಸಿಂಗ್ ಪೇಪರ್, ಈಗ ಕಂಪ್ಯೂಟರ್. ನಾನು ಕಂಪ್ಯೂಟರ್ ಕಾಲದವನು, ನಮ್ಮ ಆಫೀಸಿನ ಹಿರಿಯರು ಟ್ರೇಸಿಂಗ್ ಕಾಲದವರು.

ಒಂದು ಹಳೇ ಟಿಪ್ಪಣಿ ಬಂತು. ಗೆರೆಯ ಪಕ್ಕ 3-7 ಅಂತ ಬರೆದಿತ್ತು. ನಾನು 3.7 ಸರಪಳಿ ಅಂದುಕೊಂಡು ಕಂಪ್ಯೂಟರಿಗೆ ಹೊಡೆದೆ. 122 ಅಡಿ ಬಂತು. ಅದು 3 ಸರಪಳಿ 7 ಆಣೆ. ಒಂದು ಆಣೆ ಅಂದರೆ 2 ಅಡಿ ಚಿಲ್ಲರೆ. ಸರಿಯಾಗಿ ಹಾಕಿದರೆ 113 ಅಡಿ ಚಿಲ್ಲರೆ. ಒಂದೇ ಗೆರೆಯಲ್ಲಿ ಎಂಟೂವರೆ ಅಡಿ ಹೋಯಿತು. ಆಕೃತಿ ಮುಚ್ಚಿಕೊಳ್ಳಲಿಲ್ಲ. ನಾನು ಏನು ಮಾಡಿದೆ ಗೊತ್ತಾ? "ಹಳೇ ಕಾಲದವರ ಅಳತೆಯೇ ತಪ್ಪು" ಅಂತ ತೀರ್ಮಾನಿಸಿ, ಮೂಲೆಯನ್ನು ಎಳೆದು ಕೂಡಿಸಿದೆ. ಎದುರು ಟೇಬಲ್‌ನಲ್ಲಿ ಹಿರಿಯರು ಕಾಫಿ ಕುಡಿಯುತ್ತಾ ಕೂತಿದ್ದರು. ಕೇಳಲಿಲ್ಲ. ಅವರಿಗೆ ಮೌಸ್ ಹಿಡಿಯೋಕೂ ಬರಲ್ಲ ಅನ್ನುವ ಒಂದು ಸಣ್ಣ ಕೊಬ್ಬು ನನಗೆ.

ಅವರೇ ಪ್ರಿಂಟ್ ನೋಡಿ ಹಿಡಿದರು. ಬೈಯಲಿಲ್ಲ. "ಆಣೆ ಹದಿನಾರು ಕಣಪ್ಪ, ಹತ್ತಲ್ಲ" ಅಂದರು.

ಇದೇ ತಪ್ಪನ್ನು ವಿಸ್ತೀರ್ಣದಲ್ಲಿ ಎಷ್ಟು ಜನ ಮಾಡುತ್ತಾರೋ. ಪಹಣಿಯಲ್ಲಿ 2-20 ಇದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಎಕ್ಸೆಲ್‌ನಲ್ಲಿ 2.20 ಅಂತ ಹಾಕಿ ಕೂಡಿಸಿದರೆ ಒಂದೊಂದು ಸಾಲಿನಲ್ಲೂ ಒಂದಿಷ್ಟು ಗುಂಟೆ ಮಾಯ. ನಿವೇಶನದ ವ್ಯವಹಾರ ಮಾಡುವವರು ದಯವಿಟ್ಟು ನೋಡಿಕೊಳ್ಳಿ.

ಪಟ್ಟಣದವ

ನಾನು ಶ್ರೀರಂಗಪಟ್ಟಣದವನು, ಸರ್ವೆ ಗೊತ್ತಿಲ್ಲ, ಚರಿತ್ರೆ ಹುಚ್ಚು. ನಿಮ್ಮ ಕಸುಬಿನ ಒಬ್ಬ ದೊಡ್ಡ ಮನುಷ್ಯನ ಕಥೆ ನಮ್ಮೂರಲ್ಲೇ ನಡೆದಿದೆ. 1799ರ ಮುತ್ತಿಗೆ ಸಮಯ. ಬ್ರಿಟಿಷರ ಜನರಲ್ ಬೈರ್ಡ್ ರಾತ್ರಿ ಹೊತ್ತು ಒಂದು ಪಡೆಯನ್ನು ನಡೆಸಿಕೊಂಡು ಹೋಗುತ್ತಿದ್ದ. ಜೊತೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನುವ ಕೆಳಗಿನ ಅಧಿಕಾರಿ. ಅವನು ನಕ್ಷತ್ರ ನೋಡಿ, ದಿಕ್ಕು ತಪ್ಪಿದೆ, ನಾವು ಟಿಪ್ಪುವಿನ ಕಡೆಗೇ ನಡೆಯುತ್ತಿದ್ದೇವೆ ಅಂದ. ನಕ್ಷತ್ರ ಕೇಳಿ ನಡೆಯುವ ಅಗತ್ಯ ನನಗಿಲ್ಲ ಅನ್ನುವ ಧಾಟಿಯಲ್ಲಿ ಬೈರ್ಡ್ ತಳ್ಳಿಹಾಕಿದ. ಆಮೇಲೆ ದಿಕ್ಸೂಚಿ ತೆಗೆದು ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ಮುಂದೆ ಇದೇ ಲ್ಯಾಂಬ್ಟನ್ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ಸರ್ವೆಯನ್ನು ಶುರು ಮಾಡಿದ. 1802ರಲ್ಲಿ ಮದ್ರಾಸಿನಲ್ಲಿ ಅದರ ಆಧಾರ ಗೆರೆ ಅಳೆದರು. ಅವನ ನಂತರ ಬಂದವನು ಜಾರ್ಜ್ ಎವರೆಸ್ಟ್.

ದೊಡ್ಡವರು ಚಿಕ್ಕವರ ಮಾತು ಕೇಳದೆ ಇರುವುದು ಹೊಸ ಕಾಯಿಲೆ ಏನಲ್ಲ ಅಂತ ಹೇಳೋಕೆ ಬರೆದೆ.

ಸುಮ್ನೆ ಓದೋನು

ಪಟ್ಟಣದವರೇ, ಬೈರ್ಡ್ ಕಡೇವರೆಗೂ ಕೇಳದೆ ಹಾಗೇ ನಡೆದುಹೋಗಿದ್ದರೆ ನಮ್ಮ ಕಡೆಯವರಿಗೆ ಒಳ್ಳೆಯದೇ ಆಗುತ್ತಿತ್ತು. ಒಬ್ಬ ಚಿಕ್ಕ ಅಧಿಕಾರಿ ಬಾಯಿ ಮುಚ್ಚಿಕೊಂಡು ಇರಬೇಕಾಗಿದ್ದ ಒಂದೇ ರಾತ್ರಿ ಅದು.

ಪಟ್ಟಣದವ

ಹ್ಹಹ್ಹ. ಒಪ್ಪಿದೆ. ಈ ಕಥೆಯನ್ನು ನಮ್ಮೂರಲ್ಲಿ ಜೋರಾಗಿ ಹೇಳಬಾರದು.

ನೈಟ್ ಶಿಫ್ಟ್ ಸಿಸ್ಟರ್, ಮೈಸೂರು

ಮೂಲ ಪ್ರಶ್ನೆಗೆ ಬರುತ್ತೇನೆ. ಎದುರಿಗೆ ಜನ ನೋಡುತ್ತಿರುವಾಗ ಹೇಗೆ ಕೇಳೋದು? ನಮಗೆ ಇದು ದಿನಾ ಇರುವ ಸಮಸ್ಯೆ. ಪೇಷಂಟ್ ಮನೆಯವರು ಹಾಸಿಗೆ ಪಕ್ಕದಲ್ಲೇ ಇರುತ್ತಾರೆ. ನಾನು ಹಿರಿಯಳು, ಜೊತೆಯವಳು ಮೊನ್ನೆ ಸೇರಿದವಳು. ಅವಳನ್ನು "ಈ ಡೋಸ್ ಸರೀನಾ" ಅಂತ ಕೇಳಿದರೆ ಅವರು ಹೆದರುತ್ತಾರೆ.

ನಾವು ಮಾಡುವುದು ಇಷ್ಟು. ಇನ್ಸುಲಿನ್, ಹೆಪಾರಿನ್ ಥರದ ಔಷಧಿ ಕೊಡುವ ಮುಂಚೆ ಇಬ್ಬರು ನರ್ಸ್ ನೋಡಲೇಬೇಕು. ಒಬ್ಬಳು ಹೇಳಿದ್ದಕ್ಕೆ ಇನ್ನೊಬ್ಬಳು ತಲೆ ಆಡಿಸುವುದಲ್ಲ. ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಆಮೇಲೆ ಹೊಂದುತ್ತಾ ನೋಡುವುದು. ಡಾಕ್ಟರ್ ಫೋನಲ್ಲಿ ಹೇಳಿದ್ದನ್ನೂ ಬರೆದುಕೊಂಡು, ತಿರುಗಿ ಓದಿ ಹೇಳುತ್ತೇವೆ. ಇದು ಕೇಳುವುದಲ್ಲ, ರೂಲ್ಸು. 30 ವರ್ಷದ ಸರ್ವಿಸ್ ಇದ್ದವರಿಗೂ ಅದೇ, ಮೊನ್ನೆ ಬಂದವಳಿಗೂ ಅದೇ. ಹಾಗಾಗಿ ಯಾರ ಮಾನವೂ ಹೋಗಲ್ಲ. ಗುಣ ಬದಲಾಗುವವರೆಗೂ ಕಾಯುತ್ತಾ ಕೂತರೆ ಪೇಷಂಟ್ ಗತಿ ಏನು? ನನ್ನ ಗುಣ ನನಗೆ ಗೊತ್ತು, ನಾನು ಸುಲಭಕ್ಕೆ ಕೇಳುವವಳಲ್ಲ. ರೂಲ್ಸ್ ಇದ್ದದ್ದರಿಂದ ಎರಡು ಸಲ ಬಚಾವಾಗಿದ್ದೇನೆ. ಎರಡು ಸಲವೂ ಚಿಕ್ಕವಳೇ ಹಿಡಿದದ್ದು.

ನಿಮ್ಮಲ್ಲೂ ಕಲ್ಲು ನೆಡುವ ಮುಂಚೆ ಇಬ್ಬರು ನೋಡಬೇಕು ಅಂತ ಮಾಡಿಕೊಳ್ಳಿ. ರೈತರಿಗೂ ಮೊದಲೇ ಹೇಳಿಬಿಡಿ.

ಹಳೇ ಸರಪಳಿ, ಮಂಡ್ಯ

ಸಿಸ್ಟರ್, ಇದು ನನಗೆ ಹೊಳೆದಿರಲಿಲ್ಲ. ಇಷ್ಟು ದಿನ ನನ್ನ ಮನಸ್ಸನ್ನು ರಿಪೇರಿ ಮಾಡೋಕೆ ನೋಡುತ್ತಿದ್ದೆ. ಫೀಲ್ಡ್ ಪುಸ್ತಕದಲ್ಲಿ ಒಂದು ಕಲಂ ಹಾಕಿದರೆ ಮುಗಿಯಿತು: ಬಿಂದು, ಫಿಕ್ಸ್ ಇತ್ತಾ, ಎರಡನೇ ಸಲದ ಅಂಕಿ, ಇನ್ನೊಬ್ಬರ ಸಹಿ. ನಾಳೆಯಿಂದಲೇ ಮಾಡುತ್ತೇನೆ. ಹುಡುಗಿಗೂ ಹೇಳುತ್ತೇನೆ, ಸಹಿ ಹಾಕಮ್ಮಾ ಅಂತ.

ರೋವರ್ ಹುಡುಗಿ, ಮೈಸೂರು

ಸರ್, ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು. "ಸಹಿ ಹಾಕಮ್ಮಾ" ಅಂದಿರಿ. ಅವಳಿಗೆ ಸಂಬಳ ಇಲ್ಲ. ಪರವಾನಗಿಯವರಾದ ನಮಗೆ ಅರ್ಜಿ ಲೆಕ್ಕದಲ್ಲಿ ದುಡ್ಡು. ನಿಮಗೆ ರೋವರ್ ತೋರಿಸಿದ ಆ ಎರಡು ದಿನ ಅವಳು ಎಷ್ಟು ಅರ್ಜಿ ಬಿಟ್ಟಳೋ. ಹಿರಿಯರು ವಿನಯದಿಂದ ಕೇಳಿದಾಗ ನಮಗೆ ಖುಷಿಯೇ, ಇಲ್ಲ ಅನ್ನೋಕೂ ಆಗಲ್ಲ. ಕಷ್ಟ ಅದೇ. ಒಂದು ತಿಂಗಳು ಮೂವರು ಹಿರಿಯರು ಪಾಪ ಎಷ್ಟು ಒಳ್ಳೆ ಮಾತಲ್ಲಿ ಕೇಳಿದರು ಅಂದರೆ, ನನ್ನ ಸ್ಕೂಟರ್ ಕಂತು ನಿಂತುಹೋಯಿತು.

ಇನ್ನೊಂದು. ಅವಳು ಸಹಿ ಹಾಕಿದ ಕಲ್ಲು ತಪ್ಪಾದರೆ ಲೈಸೆನ್ಸ್ ಹೋಗುವುದು ಅವಳದ್ದು. ಅದನ್ನೂ ಯೋಚಿಸಿ.

ಸುಮ್ನೆ ಓದೋನು

ಇದನ್ನೇ ಹೇಳೋಣ ಅಂತಿದ್ದೆ. ವಿನಯ ಅನ್ನುವುದನ್ನು ನಾವು ಬರೀ ಮಾತಿನಲ್ಲಿ ಲೆಕ್ಕ ಹಾಕುತ್ತೇವೆ. ಚಿಕ್ಕವರ ಸಮಯಕ್ಕೆ ಲೆಕ್ಕವೇ ಇಲ್ಲ.

ವಿಸಿ ನಾಲೆ ರೈತ

ಮುಯ್ಯಾಳು ಪದ್ಧತಿ ಇದೆಯಲ್ಲ ಸಾರ್. ಇವತ್ತು ನನ್ನ ಗದ್ದೆ ನಾಟಿಗೆ ನೀವು ಬಂದರೆ, ನಾಳೆ ನಿಮ್ಮ ಗದ್ದೆಗೆ ನಾನು. ಅವಳು ನಿಮಗೆ ಒಂದು ದಿನ ಕೊಟ್ಟರೆ, ನೀವು ಅವಳಿಗೆ ಒಂದು ದಿನ ಕೊಡಿ. ಅವಳ ಅರ್ಜಿಗೆ ಟಿಪ್ಪಣಿ ಓದಿಕೊಡಿ, ಕಲ್ಲು ಹುಡುಕಿಕೊಡಿ. ಬಾಯಿಮಾತಿನ ಥ್ಯಾಂಕ್ಸ್ ಯಾರಿಗೆ ಬೇಕು?

ಹಳೇ ಸರಪಳಿ, ಮಂಡ್ಯ

ಎರಡು ದಿನ ಉತ್ತರ ಬರೆಯಲಿಲ್ಲ. ಕೋಪ ಅಲ್ಲ. ರೋವರ್ ಮೇಡಂ ಬರೆದದ್ದು ಸ್ವಲ್ಪ ಚುಚ್ಚಿತು, ಅದು ಸರಿಯಾಗಿ ಚುಚ್ಚಿತು ಕೂಡ. 28 ವರ್ಷದಲ್ಲಿ ನನಗೆ ಕಲಿಸಿದ ಬಾಂದು ಜವಾನರಿಗೂ ನಾನು ಏನೂ ವಾಪಸ್ ಕೊಟ್ಟಿಲ್ಲ, ಈ ಹುಡುಗಿಗೂ ಕೊಟ್ಟಿಲ್ಲ.

ನಿನ್ನೆ ಅವಳ ಹತ್ತಿರ ಹೋಗಿ ಮುಯ್ಯಾಳು ಮಾತು ಹೇಳಿದೆ. ನಕ್ಕಳು. ನಂತರ ಬ್ಯಾಗಿನಿಂದ ಮೂರು ಟಿಪ್ಪಣಿ ನಕಲು ತೆಗೆದಳು. ತಿಂಗಳಿನಿಂದ ಇಟ್ಟುಕೊಂಡಿದ್ದಳಂತೆ, ಕೇಳೋಕೆ ಸಂಕೋಚವಂತೆ! ಅದರಲ್ಲಿ ಒಂದು ಹಳೇ ಮೂಲ ಸರ್ವೆಯದ್ದು. ರೋವರ್ ಅಳತೆ ಎಲ್ಲ ಕಡೆಯೂ ಟಿಪ್ಪಣಿಗಿಂತ ಸ್ವಲ್ಪ ಜಾಸ್ತಿ ಬರುತ್ತಿತ್ತು, ಒಂದೇ ಪ್ರಮಾಣದಲ್ಲಿ. ಸವೆದ ಸರಪಳಿ ಇರಬೇಕು ಅಂದೆ. ಕೊಂಡಿ ಸವೆದರೆ ಸರಪಳಿ ಉದ್ದವಾಗುತ್ತದೆ. ಉದ್ದ ಸರಪಳಿಯಲ್ಲಿ ಅಳೆದರೆ ಇರುವುದಕ್ಕಿಂತ ಕಡಿಮೆ ಅಂಕಿ ಬರೆದಿರುತ್ತಾರೆ. ಕಲ್ಲು ಹಳೆಯದು, ಅಲ್ಲಾಡಿಲ್ಲ ಅಂದರೆ ಕಲ್ಲನ್ನೇ ನಂಬು, ಅಂಕಿಗೆ ಹೊಂದಿಸೋಕೆ ಕಲ್ಲು ಸರಿಸಬೇಡ ಅಂದೆ. ಅವಳು ಸರಿಸುವ ಯೋಚನೆಯಲ್ಲಿದ್ದಳು.

ಸಹಿ ವಿಷಯ ಕೈಬಿಟ್ಟೆ. ಇಬ್ಬರೂ ಅಳೆಯುತ್ತೇವೆ, ಅವರವರ ಪುಸ್ತಕದಲ್ಲಿ ಬರೆಯುತ್ತೇವೆ, ಜವಾಬ್ದಾರಿ ಅರ್ಜಿ ಯಾರದ್ದೋ ಅವರದ್ದು.

ಈಗ ಇನ್ನೊಂದು ಪ್ರಶ್ನೆ, ರೋವರ್ ಮೇಡಂಗೆ. ನಾಳೆ ಬೆಳಗ್ಗೆ ಪಾಂಡವಪುರ ಕಡೆ ಒಂದು ಅಳತೆ ಇದೆ. ಹಳ್ಳದ ಪಕ್ಕ, ಮೊಬೈಲ್ ಸಿಗ್ನಲ್ ಇಲ್ಲ. ನೆಟ್ ಇಲ್ಲದೆ ತಿದ್ದುಪಡಿ ಬರಲ್ಲ ಅನ್ನುವಷ್ಟು ಈಗ ಗೊತ್ತು. ಏನು ಮಾಡಲಿ? ನಮ್ಮ ಹುಡುಗಿ ನಾಳೆ ಅವಳ ಅರ್ಜಿಗೆ ಹೋಗುತ್ತಿದ್ದಾಳೆ, ಅವಳನ್ನು ಎಳೆಯುವುದು ಬೇಡ.

ರೋವರ್ ಹುಡುಗಿ, ಮೈಸೂರು

ಸಿಗ್ನಲ್ ಸಿಗುವ ದಿಬ್ಬ ಹತ್ತಿರ ಇದೆಯಾ ನೋಡಿ. ಅಲ್ಲಿ ಎರಡು ಬಿಂದು ತಗೊಳ್ಳಿ, ಒಂದಕ್ಕೊಂದು ಕಾಣುವ ಹಾಗೆ. ಅಲ್ಲಿಂದ ಹಳ್ಳದ ಒಳಕ್ಕೆ ನಿಮ್ಮ ಟೋಟಲ್ ಸ್ಟೇಷನ್. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಎರಡು ಸಿಮ್ ಇಟ್ಟುಕೊಳ್ಳಿ, ಬೇರೆ ಬೇರೆ ಕಂಪನಿಯದ್ದು. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಕ್ಕರೂ ಸಿಗಬಹುದು.

ಹಳೇ ಸರಪಳಿ, ಮಂಡ್ಯ

ಎರಡು ಸಿಮ್ ಸರಿ. ಕಂಟ್ರೋಲರ್‌ನಲ್ಲಿ ಸಿಮ್ ಎಲ್ಲಿ ಹಾಕುವುದು?

ರೋವರ್ ಹುಡುಗಿ, ಮೈಸೂರು

ಬ್ಯಾಟರಿ ಮುಚ್ಚಳದ ಕೆಳಗೆ ಇರಬೇಕು ಸರ್, ಮಾಡೆಲ್ ನೋಡಿ ಹೇಳುತ್ತೇನೆ. ಒಂದು ಫೋಟೋ ಹಾಕಿ.